ರೊಟ್ಟಿ ವ್ಯಾಪಾರಕ್ಕೆ ಹತ್ತು ಲಕ್ಷ ಸಾಲ: ಯಾರ ಹೆಸರಿಗೆ, ಯಾರ ಕೈಗೆ?

ಪ್ರಶ್ನೆ: ನಾನು ಗದಗ ತಾಲ್ಲೂಕಿನ ಹಳ್ಳಿಯಾಕಿ, ವಯಸ್ಸು 31, ಪಿಯುಸಿ ಆಗೇತಿ. ಮೂರು ವರ್ಷದಿಂದ ನಾನು, ನಮ್ಮ ಅತ್ತಿ ಕಡಕ್ ರೊಟ್ಟಿ ಮಾಡಿ ಮಾರ್ತೀವಿ. ಓಣಿಯ ಇಬ್ಬರು ಹೆಣ್ಮಕ್ಕಳು ದಿನಕ್ಕ 350 ರೂಪಾಯಿ ಕೂಲಿಗೆ ಬರ್ತಾರ. ದಿನಕ್ಕ 400 ರೊಟ್ಟಿ, ಒಂದಕ್ಕ 6 ರೂಪಾಯಿ. ಹುಬ್ಬಳ್ಳಿಯ ಎರಡು ಖಾನಾವಳಿಗೆ 300, ಗದಗಿನ ಕಿರಾಣಿ ಅಂಗಡಿಗೆ 100 ಹೋಗ್ತಾವ. ಶೇಂಗಾ ಚಟ್ನಿ, ಅಗಸಿ ಚಟ್ನಿನೂ ಸ್ವಲ್ಪ ಮಾಡ್ತೀವಿ. ಖರ್ಚು ತೆಗೆದು ತಿಂಗಳಿಗೆ 9 ಸಾವಿರ ಉಳೀತೈತಿ. ಅಂಗಡಿಯವರು ನಗದು ಕೊಡ್ತಾರ, ಖಾನಾವಳಿಯವರು ತಿಂಗಳಿಗೊಮ್ಮೆ ಯಜಮಾನರ ಫೋನಿಗೆ ಹಾಕ್ತಾರ. ಜೋಳ ತರಾಕ ರೊಕ್ಕ ಸಾಲದ್ದಕ್ಕ ವಾರದ ಸಂಘದಾಗ 50 ಸಾವಿರ ತಗೊಂಡೀನಿ, 52 ವಾರ, ವಾರಕ್ಕ 1,080. ಮೈದುನ 24 ವರ್ಷದಾಂವ, ಡಿಪ್ಲೊಮಾ ಮಾಡ್ಯಾನ, ಬೆಂಗಳೂರಿನ ಕೆಲಸ ಬಿಟ್ಟು ಬಂದಾನ. ನನ್ನ ಹೆಸರಿಗೆ 10 ಲಕ್ಷ ಸಾಲ ತೆಗೆದು ರೊಟ್ಟಿ ಮಷಿನ್ ಹಾಕೋಣು, ಪುಣೆ, ಮುಂಬೈಗೆ ಕಳಸೋಣು ಅಂತಾನ. ಹೆಂಗಸರ ಹೆಸರಿಗಿದ್ರ ಸಬ್ಸಿಡಿ ಜಾಸ್ತಿ, ಅದನ್ನ ತುಂಬೋದ ಬ್ಯಾಡ ಅಂತ ಒಬ್ಬ ಏಜೆಂಟ್ ಹೇಳ್ಯಾನ. ಫೈಲ್ ಮಾಡಾಕ 15 ಸಾವಿರ ಕೇಳ್ತಾನ. ಯುಪಿಐನಾಗ ರೊಕ್ಕ ತಗೊಂಡ್ರ ಜಿಎಸ್‌ಟಿ ನೋಟಿಸ್ ಬರ್ತೈತಿ ಅಂತಾರ. ಸಾಲ ಮಾಡ್ಲೋ ಬ್ಯಾಡೋ? ನಾಳೆ ಏನರ ಆದ್ರ ಬ್ಯಾಂಕಿನವರು ಯಾರನ್ನ ಹಿಡೀತಾರ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮನ್ನೇ ಹಿಡಿಯುತ್ತಾರೆ. ಒಬ್ಬರ ಹೆಸರಿನ ವ್ಯಾಪಾರದಲ್ಲಿ ವ್ಯಾಪಾರದ ಸಾಲ ಬೇರೆ, ಸ್ವಂತ ಸಾಲ ಬೇರೆ ಎಂಬುದಿಲ್ಲ. ಯಂತ್ರ ಓಡಿಸುವವರು ಮೈದುನ, ರೊಕ್ಕ ಬರುವುದು ಯಜಮಾನರ ಖಾತೆಗೆ, ಆದರೆ ಕಂತು ತಪ್ಪಿದರೆ ಕೆಡುವುದು ನಿಮ್ಮ ಸಿಬಿಲ್, ಅಂದರೆ ಸಾಲ ಹೇಗೆ ತೀರಿಸುತ್ತೀರಿ ಎಂಬ ದಾಖಲೆ, ನೋಟಿಸ್ ಬರುವುದು ನಿಮ್ಮ ಹೆಸರಿಗೆ. ಬ್ಯಾಂಕಿನಲ್ಲಿ ಸಣ್ಣ ಸಾಲದ ಅರ್ಜಿ ನೋಡುವ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತು, ಆಮೇಲೆ ತರಬೇತಿ ಕೊಡುವ ಕಡೆ ಬಂದವನು ನಾನು. ಹೆಣ್ಣುಮಕ್ಕಳ ಹೆಸರಿನ ಫೈಲಿನಲ್ಲಿ ಸಹಿ ಒಂದನ್ನು ಬಿಟ್ಟು ಮತ್ತೆಲ್ಲ ಗಂಡಸರದೇ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮ ಮನೆಯವರು ಮೋಸ ಮಾಡುತ್ತಾರೆ ಎಂದಲ್ಲ. ಲೆಕ್ಕ ಯಾರ ಕೈಯಲ್ಲಿದೆಯೋ ತೀರ್ಮಾನವೂ ಅವರ ಕೈಯಲ್ಲೇ ಇರುತ್ತದೆ. ತೀರ್ಮಾನ ಅವರದು, ಹೊಣೆ ನಿಮ್ಮದು ಎಂದಾದರೆ ಆ ಸಾಲಕ್ಕೆ ಸಹಿ ಹಾಕಬೇಡಿ.

ಏಜೆಂಟ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅದನ್ನು ಬಿಡಿಸಿ ನೋಡಬೇಕು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿಯಲ್ಲಿ, ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಗೆ ಯೋಜನಾ ವೆಚ್ಚದ ಶೇ 35 ಸಬ್ಸಿಡಿ ಇದೆ, ಸಾಮಾನ್ಯ ವರ್ಗದ ಪುರುಷರಿಗೆ ಶೇ 25. ಆದರೆ ಆ 35 ಮಹಿಳೆಯರಿಗಷ್ಟೇ ಅಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರು ಎಲ್ಲರಿಗೂ ಅಷ್ಟೇ. ನಿಮ್ಮ ಮನೆತನ ಹಿಂದುಳಿದ ವರ್ಗದ ಪಟ್ಟಿಯಲ್ಲಿದ್ದರೆ ಮೈದುನನಿಗೆ ತನ್ನ ಹೆಸರಿನಲ್ಲೇ ಅಷ್ಟು ಸಿಗುತ್ತದೆ, ನಿಮ್ಮ ಹೆಸರು ಬೇಕಿಲ್ಲ. ಇನ್ನೊಂದು ಮಾತು ಏಜೆಂಟರು ಹೇಳುವುದಿಲ್ಲ: ಈ ಯೋಜನೆ ಹೊಸ ಘಟಕಕ್ಕೆ. ಮೂರು ವರ್ಷದಿಂದ ನಡೆಯುತ್ತಿರುವುದನ್ನು ಹೊಸದೆಂದು ಬರೆಸಿದರೆ ಸುಳ್ಳು ಹೇಳಿಕೆಗೆ ಸಹಿ ಹಾಕಿದಂತೆ.

"ತುಂಬೋದ ಬ್ಯಾಡ" ಎಂಬುದೂ ಹಾಗೆಯೇ. ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂತಿರುತ್ತದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ನಡುವೆ ಯಂತ್ರ ನಿಂತು ಬಾಗಿಲು ಹಾಕಿದರೆ ಸಬ್ಸಿಡಿ ವಾಪಸು ಹೋಗುತ್ತದೆ, ಪೂರ್ತಿ ಸಾಲ ನಿಮ್ಮ ತಲೆಗೆ. ಮುದ್ರಾ ಸಾಲದಲ್ಲಂತೂ ಸಬ್ಸಿಡಿಯೇ ಇಲ್ಲ. ಇನ್ನು ಆ 15 ಸಾವಿರ. ಪಿಎಂಇಜಿಪಿ ಅರ್ಜಿಗೆ ಶುಲ್ಕವಿಲ್ಲ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿದರೆ ಹಾಕುವ ರೀತಿ ತೋರಿಸುತ್ತಾರೆ. ಖಾಲಿ ಚೆಕ್ಕು, ಖಾಲಿ ಕಾಗದ, ಒಟಿಪಿ ಏನನ್ನೂ ಆ ಏಜೆಂಟನಿಗೆ ಕೊಡಬೇಡಿ.

ಈಗ ಲೆಕ್ಕಕ್ಕೆ ಬರೋಣ. 10 ಲಕ್ಷದ ಯೋಜನೆಯಲ್ಲಿ ನಿಮ್ಮ ಪಾಲು 50 ಸಾವಿರ, ಬ್ಯಾಂಕಿನ ಸಾಲ ಒಂಬತ್ತೂವರೆ ಲಕ್ಷ, ಅದರಲ್ಲಿ ಮೂರೂವರೆ ಲಕ್ಷ ಸಬ್ಸಿಡಿಗೆ ಹೊಂದುತ್ತದೆ ಎಂದುಕೊಳ್ಳಿ. ಉಳಿದ 6 ಲಕ್ಷಕ್ಕೆ ಶೇ 11 ಬಡ್ಡಿ, 5 ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 13 ಸಾವಿರ. ನಿಮಗೆ ಉಳಿಯುವುದು 9 ಸಾವಿರ. ತಿಂಗಳಿಗೆ 25 ದಿನ ಎಂದರೆ 10 ಸಾವಿರ ರೊಟ್ಟಿ, ಅಂದರೆ ರೊಟ್ಟಿಗೆ 90 ಪೈಸೆ. ಈ 90 ಪೈಸೆಯಲ್ಲಿ 13 ಸಾವಿರ ಹುಟ್ಟಬೇಕಾದರೆ ದಿನಕ್ಕೆ ಇನ್ನೂ 580 ರೊಟ್ಟಿ ಮಾರಬೇಕು. ಯಂತ್ರ ಅಷ್ಟು ರೊಟ್ಟಿಯನ್ನು ಆರಾಮಾಗಿ ಮಾಡೀತು. ಕೊಳ್ಳುವವರು ಯಾರು, ಅವರ ಹೆಸರು ಬರೆದಿಟ್ಟಿದ್ದೀರಾ? ಕೂಲಿ ಉಳಿಯುತ್ತದಲ್ಲ ಎಂದು ಮೈದುನ ಕೇಳಬಹುದು. ಉಳಿಯುತ್ತದೆ. ಆದರೆ ಓಣಿಯ ಆ ಇಬ್ಬರ ದುಡಿಮೆ ಹೋಗುತ್ತದೆ. ಖಾನಾವಳಿಯವರು ನಿಮ್ಮಲ್ಲಿಗೆ ಬಂದದ್ದು ಕೈಯಲ್ಲಿ ಬಡಿದ ರೊಟ್ಟಿ ಎಂಬ ಕಾರಣಕ್ಕಾಗಿದ್ದರೆ ಆ ಗಿರಾಕಿಯೂ ಹೋಗಬಹುದು.

ನೀವು ಬರೆಯದೆ ಬಿಟ್ಟ ಒಂದು ಖರ್ಚಿದೆ. ಕೂಲಿಯವರಿಗೆ 350 ಕೊಡುತ್ತೀರಿ, ನಿಮಗೂ ಅತ್ತೆಯವರಿಗೂ ಎಷ್ಟು? ಅದೇ ದರದಲ್ಲಿ ನಿಮ್ಮಿಬ್ಬರ ತಿಂಗಳ ಕೂಲಿ 17,500 ಆಗುತ್ತದೆ. ಅದನ್ನು ತೆಗೆದಿಟ್ಟರೆ ಈ ವ್ಯಾಪಾರ ಇವತ್ತಿಗೆ ಲುಕ್ಸಾನಿನಲ್ಲಿದೆ. ಹೆದರಿಸಲು ಹೇಳುತ್ತಿಲ್ಲ. ಮನೆಯ ಹೆಂಗಸರು ಪುಕ್ಕಟೆ ದುಡಿಯುವುದರಿಂದಲೇ ಲಾಭ ಕಾಣುವ ವ್ಯಾಪಾರವನ್ನು ಯಂತ್ರ ಹಾಕಿ ದೊಡ್ಡದು ಮಾಡಿದರೆ ದೊಡ್ಡದಾಗುವುದು ಲಾಭವೋ ದುಡಿತವೋ ನೋಡಿಕೊಳ್ಳಬೇಕು.

ಹಾಗಾದರೆ ರೊಕ್ಕ ಸಾಲದೆ ಬರುತ್ತಿರುವುದು ಏಕೆ? ನನ್ನ ಪ್ರಕಾರ ಇಡೀ ಪತ್ರದ ಗಂಟು ಇಲ್ಲಿದೆ. ಖಾನಾವಳಿಗೆ ದಿನಕ್ಕೆ 300 ರೊಟ್ಟಿ, 1,800 ರೂಪಾಯಿ. 25 ದಿನಕ್ಕೆ 45 ಸಾವಿರ ಉದ್ರಿ. ನೀವು ಸಂಘದಲ್ಲಿ ತೆಗೆದದ್ದು 50 ಸಾವಿರ. ಎರಡೂ ಅಂಕಿ ಅಕ್ಕಪಕ್ಕ ಇಟ್ಟು ನೋಡಿ. ಹುಬ್ಬಳ್ಳಿಯ ಖಾನಾವಳಿಗೆ ನೀವು ಬಡ್ಡಿಯಿಲ್ಲದ ಸಾಲ ಕೊಟ್ಟಿದ್ದೀರಿ, ಅದರ ಬಡ್ಡಿಯನ್ನು ವಾರವಾರ ಸಂಘಕ್ಕೆ ನೀವು ಕಟ್ಟುತ್ತಿದ್ದೀರಿ. ಆ ಬಡ್ಡಿಯೂ ಸಣ್ಣದಲ್ಲ. 50 ಸಾವಿರಕ್ಕೆ ಒಟ್ಟು 56,160 ಕಟ್ಟುವುದರಿಂದ ಶೇ 12 ಎಂದು ಕಾಣುತ್ತದೆ. ಆದರೆ ಅಸಲು ವಾರವಾರ ಕರಗುತ್ತಾ ಹೋಗುವುದರಿಂದ ನಿಜವಾದ ವಾರ್ಷಿಕ ದರ ಶೇ 23ರ ಮೇಲೆ. ಸಾಲ ಕೊಡುವಾಗ ವಾರ್ಷಿಕ ದರ ಬರೆದ ಹಾಳೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಹೇಳುತ್ತದೆ, ಕೇಳಿ ತೆಗೆದುಕೊಳ್ಳಿ. ಮನೆಯ ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಎಂಬುದೂ ಅದೇ ನಿಯಮದಲ್ಲಿದೆ. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ವಸೂಲಿಗೆ ಬಂದವರು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು.

ಯಂತ್ರದ ಮಾತಿಗೆ ಮೊದಲು ಆ ಉದ್ರಿ ಒಡೆಯಿರಿ. ಎರಡರಲ್ಲಿ ಮೆತ್ತಗಿರುವ ಖಾನಾವಳಿಯಿಂದ ಶುರುಮಾಡಿ. ವಾರಕ್ಕೊಮ್ಮೆ ಕೊಟ್ಟರೆ 6 ರೂಪಾಯಿ, ತಿಂಗಳಿಗಾದರೆ ಆರೂವರೆ ಎನ್ನಿ. ತರಕಾರಿಯವನಿಗೆ, ಹಾಲಿನವನಿಗೆ ನಿತ್ಯ ರೊಕ್ಕ ಎಣಿಸುವ ಮಾಲೀಕರು ರೊಟ್ಟಿಯವರಿಗೆ ತಿಂಗಳು ಮಾಡುವುದು ಕೇಳುವವರಿಲ್ಲ ಎಂದೇ. ಒಂದೇ ಕಡೆ ವಾರದ ಲೆಕ್ಕ ಆದರೂ ಹದಿನಾರು, ಹದಿನೇಳು ಸಾವಿರ ಕೈಗೆ ತಿರುಗುತ್ತದೆ, ಸಾಲವಿಲ್ಲದೆ ಬಂದ ಬಂಡವಾಳ ಅದು. ಉದ್ಯಮ್ ಎಂಬ ಸರ್ಕಾರಿ ನೋಂದಣಿ ಮಾಡಿಸಿಕೊಂಡ ಸಣ್ಣ ಘಟಕಕ್ಕೆ ಕೊಳ್ಳುವವರು 45 ದಿನದೊಳಗೆ ಹಣ ಕೊಡಲೇಬೇಕೆಂದು 2006ರ ಎಂಎಸ್‌ಎಂಇ, ಅಂದರೆ ಸಣ್ಣ ಉದ್ಯಮಗಳ, ಕಾಯ್ದೆ ಇದೆ. ಇರಲಿ, ಗೊತ್ತಿರಬೇಕು. ಆದರೆ ಇರುವ ಎರಡು ಗಿರಾಕಿಗಳಲ್ಲಿ ಒಬ್ಬರ ಮೇಲೆ ದೂರು ಹಾಕಿ ನಾಳೆ ರೊಟ್ಟಿ ಯಾರಿಗೆ ಒಯ್ಯುತ್ತೀರಿ? ಅದಕ್ಕಿಂತ ಗದಗಿನಲ್ಲಿ ನಗದು ಕೊಡುವ ಇನ್ನೆರಡು ಅಂಗಡಿ ಹುಡುಕುವುದು ಲೇಸು.

ಇದು ನಿಮ್ಮೊಬ್ಬರ ಮನೆಯ ಕತೆಯಲ್ಲ ಎಂಬುದಕ್ಕೆ ಹೊರಗಿನ ಎರಡು ಮೂರು ಸಂಗತಿ ಹೇಳುತ್ತೇನೆ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ 1983ರಲ್ಲಿ ಬ್ಯಾಂಕಿನ ರೂಪ ಪಡೆದ ಮೇಲೆ, ಅದಕ್ಕೂ ಮುಹಮ್ಮದ್ ಯೂನುಸರಿಗೂ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಮೇಲಂತೂ, ಬಡ ಹೆಂಗಸರ ಕೈಗೆ ಸಣ್ಣ ಸಾಲ ಕೊಟ್ಟರೆ ಸಾಕು, ಉದ್ಯಮ ತಾನಾಗಿ ಬೆಳೆಯುತ್ತದೆ ಎಂದು ಜಗತ್ತೆಲ್ಲ ನಂಬಿತು. ಭಾರತ, ಮೊರಾಕ್ಕೊ, ಮೆಕ್ಸಿಕೊ, ಮಂಗೋಲಿಯ, ಇಥಿಯೋಪಿಯ, ಬೋಸ್ನಿಯ ಎಂಬ ಆರು ದೇಶಗಳಲ್ಲಿ ಈ ನಂಬಿಕೆಯನ್ನು ಒರೆಗೆ ಹಚ್ಚಿದ ಪರೀಕ್ಷೆಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ನಮ್ಮ ದೇಶದ್ದು ಹೈದರಾಬಾದಿನಲ್ಲಿ ನಡೆದದ್ದು. ಸಾಲದಿಂದ ಕೆಲವರ ವ್ಯಾಪಾರ ಹಿಗ್ಗಿತು, ಆದರೆ ಸಾಮಾನ್ಯ ಮನೆಯ ಆದಾಯದಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ.

ಶ್ರೀಲಂಕಾದ್ದು ಇನ್ನೂ ನಿಮಗೆ ಹತ್ತಿರ. ಅಲ್ಲಿ ಸಣ್ಣ ವ್ಯಾಪಾರಿಗಳಿಗೆ ಸಾಲವಲ್ಲ, ತೀರಿಸಬೇಕಿಲ್ಲದ ರೊಕ್ಕವನ್ನೇ ಕೊಟ್ಟು ನೋಡಿದರು. ಗಂಡಸರ ವ್ಯಾಪಾರದಲ್ಲಿ ಲಾಭ ಏರಿತು, ಹೆಂಗಸರದ್ದರಲ್ಲಿ ಸರಾಸರಿ ಏರಲಿಲ್ಲ. ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಎಂದು ಕೆಲವರು ಷರಾ ಬರೆಯಲು ಅಷ್ಟು ಸಾಕಾಯಿತು. 2019ರಲ್ಲಿ ಬೇರೆ ಸಂಶೋಧಕರು ಭಾರತ, ಘಾನಾದ ಅಂಕಿಗಳನ್ನೂ ಸೇರಿಸಿ ಅದನ್ನೇ ಮತ್ತೆ ತೆಗೆದು ಜಾಲಾಡಿದರು. ಮನೆಯಲ್ಲಿ ಗಂಡಸರದೂ ಒಂದು ವ್ಯಾಪಾರ ಇದ್ದಲ್ಲಿ ಹೆಂಗಸಿನ ಹೆಸರಿಗೆ ಬಂದ ಬಂಡವಾಳ ಆ ಕಡೆ ಹರಿದಿತ್ತು. ಹೆಂಗಸಿನದೊಂದೇ ವ್ಯಾಪಾರ ಇದ್ದ ಮನೆಗಳಲ್ಲಿ ಅಂಥ ಅಂತರ ಇರಲಿಲ್ಲ. ಮೈದುನ ಮುಂದೆ ತನ್ನದೇ ಇನ್ನೊಂದು ಕೆಲಸ ಶುರುಮಾಡಿದರೆ ನಿಮ್ಮ ಸಾಲದ ರೊಕ್ಕ ಯಾವ ಕಡೆ ಹೋದೀತು ಎಂದು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಡೊಮಿನಿಕನ್ ಗಣರಾಜ್ಯದಲ್ಲಿ ನಡೆದ ಮತ್ತೊಂದು ಪರೀಕ್ಷೆ ನಾನು ತರಬೇತಿಗೆ ಬಂದವರಿಗೆಲ್ಲ ಹೇಳುವಂಥದ್ದು. ಕೆಲವರಿಗೆ ಪೂರ್ತಿ ಲೆಕ್ಕಶಾಸ್ತ್ರ ಕಲಿಸಿದರು, ಕೆಲವರಿಗೆ ಸರಳ ರೂಢಿ ಮಾತ್ರ: ಮನೆಯ ರೊಕ್ಕ, ವ್ಯಾಪಾರದ ರೊಕ್ಕ ಬೇರೆ ಬೇರೆ ಇಡುವುದು, ಮನೆಗೆ ತೆಗೆದದ್ದನ್ನು ಬರೆದಿಡುವುದು, ಇಂಥವು. ಲೆಕ್ಕದ ಶಿಸ್ತಿನಲ್ಲಿ ಬದಲಾವಣೆ ಕಂಡದ್ದು ಎರಡನೆಯ ಗುಂಪಿನಲ್ಲಿ. ನೀವು ಪಿಯುಸಿ ಓದಿದವರು, ಒಂದು ಉದ್ದನೆಯ ನೋಟ್‌ಬುಕ್ಕು ಸಾಕು. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು, ನಿಮ್ಮದೂ ಅತ್ತೆಯವರದೂ ಕೂಲಿ ಸೇರಿಸಿ. ಅತ್ತೆಯವರ ಕೂಲಿಯನ್ನು ತಿಂಗಳ ಕೊನೆಗೆ ನಿಜವಾಗಿಯೂ ಅವರ ಕೈಗೇ ಕೊಡಿ. ಮನೆಯಲ್ಲಿ ನಿಮ್ಮ ಮಾತಿಗೆ ಎಷ್ಟು ಬಲ ಬರುತ್ತದೆ ನೋಡುವಿರಂತೆ.

ಜಿಎಸ್‌ಟಿ ಅಂಜಿಕೆ ಬಿಡಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನಿಜ, ಬೆಂಗಳೂರಿನ ಅಂಗಡಿಗಳಲ್ಲಿ ಯುಪಿಐ ಇಲ್ಲ ಎಂಬ ಬೋರ್ಡು ಬಿದ್ದದ್ದೂ ನಿಜ. ಆದರೆ ನಮ್ಮ ರಾಜ್ಯದಲ್ಲಿ ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ನಿಮ್ಮದು ಸುಮಾರು 7 ಲಕ್ಷ 20 ಸಾವಿರ. ಯುಪಿಐ ಎಂಬುದು ತೆರಿಗೆಯಲ್ಲ, ಕುರುಹು. ನಗದಿನಲ್ಲಿ ಎಷ್ಟೇ ಮಾರಿದರೂ ಬ್ಯಾಂಕಿನವರಿಗೆ ತೋರಿಸಲು ಏನೂ ಇರುವುದಿಲ್ಲ, ಯುಪಿಐ ಜಮೆ ಇದ್ದರೆ ಪಾಸ್‌ಬುಕ್ಕೇ ಸಾಕ್ಷಿ. ಆದರೆ ಇವತ್ತು ಆ ಸಾಕ್ಷಿ ಯಜಮಾನರ ಪಾಸ್‌ಬುಕ್ಕಿನಲ್ಲಿ ಬೀಳುತ್ತಿದೆ. ಮೂರು ವರ್ಷದ ದುಡಿಮೆ ನಿಮ್ಮ ಹೆಸರಿನಲ್ಲಿ ಎಲ್ಲೂ ಇಲ್ಲ. ಈ ವಾರವೇ ನಿಮ್ಮ ಖಾತೆಗೆ ಕ್ಯೂಆರ್ ಮಾಡಿಸಿ, ಖಾನಾವಳಿಯವರಿಗೆ ಅದನ್ನೇ ಕೊಡಿ. ಗೃಹಲಕ್ಷ್ಮಿ ರೊಕ್ಕ ಬರುವ ಖಾತೆ ಬೇಡ, ವ್ಯಾಪಾರಕ್ಕೆ ಬೇರೆ ತೆರೆಯಿರಿ.

ಪುಣೆ, ಮುಂಬೈ ವಿಷಯಕ್ಕೆ ಮಾತ್ರ ಒಂದು ಎಚ್ಚರ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ 40 ಲಕ್ಷದ ಮಿತಿ ಅನ್ವಯಿಸದು, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ತೆರಿಗೆ ಶೂನ್ಯ. ಆದರೆ ಅದೇ ಪೆಟ್ಟಿಗೆಯಲ್ಲಿ ಚಟ್ನಿಪುಡಿ ಇಟ್ಟರೆ ಲೆಕ್ಕ ಬದಲಾಗುತ್ತದೆ. ಆಹಾರ ಸುರಕ್ಷತೆಯ ನೋಂದಣಿ, ಅಂದರೆ ಎಫ್‌ಎಸ್‌ಎಸ್‌ಎಐ, ನಿಮಗೆ ಇವತ್ತೂ ಬೇಕು. ನಿಮ್ಮಷ್ಟು ಸಣ್ಣವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು, ಖರ್ಚು ಅತಿ ಕಡಿಮೆ. ಪೊಟ್ಟಣದ ಮೇಲೆ ಆ ಸಂಖ್ಯೆ, ತೂಕ, ಬೆಲೆ, ತಯಾರಾದ ದಿನ, ಎಷ್ಟು ದಿನ ಬಾಳುತ್ತದೆ, ಏನೇನು ಹಾಕಿದ್ದೀರಿ ಎಲ್ಲ ಇರಬೇಕು. ಶೇಂಗಾ ಇದೆ ಎಂಬುದು ಎದ್ದು ಕಾಣಬೇಕು, ಅದು ಆಗದವರಿಗೆ ಜೀವದ ಪ್ರಶ್ನೆ. ಕಡಕ್ ರೊಟ್ಟಿ ತೇವ ತಾಗದಿದ್ದರೆ ತಡೆಯುತ್ತದೆ. ಶೇಂಗಾ, ಅಗಸಿ ಎಣ್ಣೆಯ ಕಾಳುಗಳಾದ್ದರಿಂದ ಪುಡಿ ಮಾಡಿದ ಮೇಲೆ ಬೇಗ ಕಮಟು ಹಿಡಿಯುತ್ತವೆ. ಎಷ್ಟು ದಿನ ಎಂದು ಅಂದಾಜಿನಲ್ಲಿ ಅಚ್ಚು ಹಾಕಿಸಬೇಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಲ್ಲಿ ಆಹಾರ ವಿಭಾಗದವರನ್ನು ಕಂಡು ಕೇಳಿ.

ಸಾಲವೇ ಬೇಡ ಎನ್ನುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಉಳಿತಾಯ ಗುಂಪಿನ ದಾರಿ ಹಿಡಿಯುತ್ತಿದ್ದೆ. ಸಹಕಾರಿ ಸಾಲ ನಮ್ಮ ಸೀಮೆಗೆ ಹೊಸದಲ್ಲ, 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಿಮ್ಮದೇ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಂಜೀವಿನಿ ಯೋಜನೆಯ ಸ್ವಸಹಾಯ ಗುಂಪಿಗೆ 3 ಲಕ್ಷದವರೆಗಿನ ಬ್ಯಾಂಕ್ ಸಾಲ ಶೇ 7ಕ್ಕೆ ಸಿಗುತ್ತದೆ, ವಾರದ ಸಂಘದ ದರದ ಮೂರರಲ್ಲಿ ಒಂದು ಪಾಲು. ಆಹಾರ ತಯಾರಿಸುವ ಗುಂಪಿನ ಸದಸ್ಯರಿಗೆ ತಲಾ 40 ಸಾವಿರದವರೆಗೆ ಬೀಜಧನ ಕೊಡುವ ಅವಕಾಶ ಪಿಎಂಎಫ್‌ಎಂಇ ಎಂಬ ಕಿರು ಆಹಾರ ಘಟಕಗಳ ಯೋಜನೆಯಲ್ಲಿದೆ. ಗುಂಪಿನ ತೊಂದರೆ ಏನೆಂದರೆ ಒಬ್ಬರು ಕಟ್ಟದಿದ್ದರೆ ಉಳಿದವರಿಗೆ ಭಾರ, ಸಭೆಗೆ ಹೋಗಲೇಬೇಕು, ರೊಕ್ಕ ಬರುವುದು ನಿಧಾನ. ಆದರೆ ಬಿಳಿಜೋಳ ಸುಗ್ಗಿಯಲ್ಲಿ ಅಗ್ಗವಾಗಿರುವಾಗ ಚೀಲ ತುಂಬಿಟ್ಟುಕೊಳ್ಳಲು ಇಷ್ಟು ಸಾಲ ಸಾಕು, ಅದರಿಂದ ಬರುವ ಉಳಿತಾಯ ಯಂತ್ರದ ಲಾಭಕ್ಕಿಂತ ಗಟ್ಟಿ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಸಾಲವೂ ಉಂಟು, ಅದಕ್ಕೆ ಕುಟುಂಬದ ಆದಾಯದ ಮಿತಿ ಇದೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಕಚೇರಿಯಲ್ಲಿ ವಿಚಾರಿಸಿ.

ಆರು ತಿಂಗಳ ಪಾಸ್‌ಬುಕ್ಕು ನಿಮ್ಮ ಹೆಸರಿನಲ್ಲಿ ತುಂಬಿದ ಮೇಲೆ ದೊಡ್ಡದು ಬೇಕೆನಿಸಿದರೆ, ನಡೆಯುತ್ತಿರುವ ಘಟಕಕ್ಕೆ ಹೊಂದುವುದು ಪಿಎಂಇಜಿಪಿ ಅಲ್ಲ, ಮೇಲೆ ಹೇಳಿದ ಪಿಎಂಎಫ್‌ಎಂಇ. ಅದರಲ್ಲಿ ಕೇಂದ್ರದ ಸಬ್ಸಿಡಿ ಶೇ 35, ನಮ್ಮ ರಾಜ್ಯ ಇನ್ನೂ ಶೇ 15 ಸೇರಿಸಿದೆ, ಹೆಣ್ಣು ಗಂಡು ಭೇದವಿಲ್ಲ. ವರದಿ ತಯಾರಿಸಿ ಕೊಡುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗೆ ಯೋಜನೆಯೇ ಸಂಭಾವನೆ ಕೊಡುತ್ತದೆ, ನೀವು ಕೊಡಬೇಕಿಲ್ಲ. ಇಂಥ ಯೋಜನೆಗಳ ಅವಧಿ, ಅನುದಾನ ವರ್ಷವರ್ಷ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿಕೊಳ್ಳಿ. ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಹೊಲ, ಮನೆ ಅಡ ಕೇಳುವಂತಿಲ್ಲ. ಮಂಜೂರಾತಿ ಪತ್ರದಲ್ಲಿ ಕಂತು ಯಾವ ತಿಂಗಳಿಂದ ಶುರು ಎಂಬುದನ್ನು ಚೌಕಾಶಿ ಮಾಡಿ. ಕೋಲ್ಕತ್ತದಲ್ಲಿ ನಡೆದ ಇಂಥದೇ ಒಂದು ಪರೀಕ್ಷೆಯಲ್ಲಿ ಎರಡು ತಿಂಗಳು ತಡವಾಗಿ ಕಂತು ಶುರುಮಾಡಿದ ಹೆಂಗಸರು ವ್ಯಾಪಾರಕ್ಕೆ ಹೆಚ್ಚು ಹಾಕಿದರು, ಮೂರು ವರ್ಷದ ಮೇಲೂ ಅವರ ಲಾಭ ಹೆಚ್ಚಿತ್ತು. ಸಾಲ ತಪ್ಪಿಸಿದವರೂ ಆ ಗುಂಪಿನಲ್ಲೇ ಹೆಚ್ಚು, ಅದೂ ತಿಳಿದಿರಲಿ.

ಮೈದುನನ ಉಮೇದಿಗೆ ತಣ್ಣೀರು ಹಾಕಬೇಡಿ. ನಿಮ್ಮಲ್ಲಿ ಈಗ ಕೊರತೆ ಇರುವುದು ಮಾಡುವವರದಲ್ಲ, ಮಾರುವವರದು. ಮೂರು ತಿಂಗಳು ಮಾರಾಟ ಅವನದೇ ಇರಲಿ, ಹೊಸ ಗಿರಾಕಿ ತಂದಷ್ಟಕ್ಕೆ ಪೊಟ್ಟಣಕ್ಕಿಷ್ಟು ಎಂದು ಕಮಿಷನ್ ಬರೆದು ಕೊಡಿ. ಹುಬ್ಬಳ್ಳಿಯ ಹಾಸ್ಟೆಲ್, ಪಿಜಿ, ಮದುವೆ ಅಡುಗೆಯವರು, ಧಾರವಾಡದ ವಿದ್ಯಾರ್ಥಿಗಳ ಮೆಸ್ಸು, ಇಷ್ಟು ತಿರುಗಲಿ. ತರಬೇತಿ ಸಂಸ್ಥೆಗಳೂ ಇವೆ: ಧಾರವಾಡದಲ್ಲಿ 1992ರಿಂದ ಉದ್ಯಮಶೀಲತೆ ಕಲಿಸುವ ಸಿಡಾಕ್, ಜಿಲ್ಲೆಗೊಂದು ಆರ್‌ಸೆಟಿ ಎಂಬ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅಲ್ಲಿ ಊಟ ವಸತಿ ಸೇರಿ ಪುಕ್ಕಟೆ. ದಿನಕ್ಕೆ ಇನ್ನೂ 580 ರೊಟ್ಟಿಗೆ ಗಿರಾಕಿ ಸಿಕ್ಕರೆ ಯಂತ್ರದ ಸಾಲ ಅವನ ಹೆಸರಿನಲ್ಲೇ ತೆಗೆಯಲಿ, ನೀವು ಅವನ ಯಂತ್ರಕ್ಕೆ ಬಾಡಿಗೆ ಕೊಡಬಹುದು.

ಯಂತ್ರ ನೋಡಲು ಹೋಗುವ ದಿನ ನಿಮ್ಮದೇ ಗಿರಣಿಯಲ್ಲಿ ಬೀಸಿದ 5 ಕಿಲೋ ಹಿಟ್ಟು ಒಯ್ಯಿರಿ, ಮಾರುವವನ ಹಿಟ್ಟಿನ ರೊಟ್ಟಿ ನೋಡಿ ಒಪ್ಪಬೇಡಿ. ಒಡೆದದ್ದು ಎಷ್ಟು ಎಣಿಸಿ. ಮೂರು ಫೇಸ್ ಕರೆಂಟು ಬೇಕೋ, ಹೆಸ್ಕಾಂ ಮೀಟರು ಬದಲಾಗಬೇಕೋ, ಕೆಟ್ಟರೆ ರಿಪೇರಿಯವನು ಹುಬ್ಬಳ್ಳಿಯಿಂದ ಬರುತ್ತಾನೋ ಕೊಯಮತ್ತೂರಿನಿಂದಲೋ ಬರೆಸಿಕೊಳ್ಳಿ. ಆ ರೊಟ್ಟಿಯನ್ನು ಹದಿನೈದು ದಿನ ಡಬ್ಬಿಯಲ್ಲಿಟ್ಟು, ಯಾವುದು ಎಂದು ಹೇಳದೆ, ನಿಮ್ಮ ರೊಟ್ಟಿಯ ಜೊತೆ ಆ ಎರಡು ಖಾನಾವಳಿಯವರ ಮುಂದಿಡಿ. ಅವರು ಅದನ್ನೂ 6 ರೂಪಾಯಿಗೆ ಕೊಳ್ಳುತ್ತೇವೆ ಎಂದ ಮೇಲೆ ಬ್ಯಾಂಕಿನ ಕಡೆ ಹೊರಡಬಹುದು.